ಅರ್ಜಿಯ ಮೇಲಿನ ಹೆಸರು

ಬ್ರಿಟನ್ನಿನಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ವೈದ್ಯವೃತ್ತಿಯವರು ಅನೇಕರು. ನಮ್ಮ ಯುಗಾದಿ, ದೀಪಾವಳಿ ಸಮಾರಂಭಗಳಲ್ಲಿ ಹಿರಿಯ ವೈದ್ಯರು ಕಲೆತರೆ ಮೈಸೂರು, ಹುಬ್ಬಳ್ಳಿ, ಮಣಿಪಾಲದ ಕಾಲೇಜು ದಿನಗಳ ಮಾತು ಬಂದೇ ಬರುತ್ತದೆ. ಇಲ್ಲಿಗೆ ಬಂದ ಮೊದಲ ವರ್ಷಗಳಲ್ಲಿ ಎಷ್ಟು ಅರ್ಜಿಗಳನ್ನು ಬರೆಯಬೇಕಾಯಿತು, ಎಷ್ಟಕ್ಕೆ ಉತ್ತರವೇ ಬರಲಿಲ್ಲ ಎಂಬುದನ್ನು ಮಾತ್ರ ಅವರು ಅಪರೂಪಕ್ಕೆ ಹೇಳುತ್ತಾರೆ. ಆ ಮೌನದ ಹಿಂದಿನ ಇತಿಹಾಸ ನಮ್ಮ ಮಕ್ಕಳಿಗೂ ತಿಳಿದಿರಬೇಕು.

ಎನ್‌ಎಚ್‌ಎಸ್ ಎಂದು ನಾವೆಲ್ಲ ಕರೆಯುವ ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾದದ್ದು 1948ರ ಜುಲೈ 5ರಂದು. ಬಡವ ಬಲ್ಲಿದರೆನ್ನದೆ ಎಲ್ಲರಿಗೂ ಉಚಿತ ಚಿಕಿತ್ಸೆ ದೊರೆಯಬೇಕೆಂಬುದು ಅಂದಿನ ಆರೋಗ್ಯ ಸಚಿವ ಅನೈರಿನ್ ಬೆವನ್ನರ ಸಂಕಲ್ಪ. ಸಂಕಲ್ಪ ದೊಡ್ಡದಾಗಿತ್ತು, ಕೈಗಳು ಸಾಲದಾಗಿದ್ದವು. ಕೆರಿಬಿಯನ್ ದ್ವೀಪಗಳಿಂದ ದಾದಿಯರನ್ನು ಕರೆಸಿಕೊಳ್ಳಲಾಯಿತು. ಅವರಲ್ಲಿ ಬಹಳಷ್ಟು ಮಂದಿಯನ್ನು ಮೂರು ವರ್ಷಗಳ ಪೂರ್ಣ ತರಬೇತಿಗೆ ಬದಲಾಗಿ ಎರಡು ವರ್ಷಗಳ ಕೆಳದರ್ಜೆಯ ತರಬೇತಿಗೆ ಸೇರಿಸಲಾಯಿತು. ಆ ಅರ್ಹತೆಯಿಂದ ಮೇಲಿನ ಹುದ್ದೆಗಳಿಗೆ ಏರುವುದು ಕಷ್ಟವಾಗಿತ್ತು. ತವರಿಗೆ ಮರಳಿದರೆ ಅಲ್ಲಿ ಅದಕ್ಕೆ ಮಾನ್ಯತೆಯೂ ಇರಲಿಲ್ಲ.

ಭಾರತ, ಪಾಕಿಸ್ತಾನಗಳಿಂದ ಬಂದ ವೈದ್ಯರ ಕಥೆಯೂ ಇದಕ್ಕಿಂತ ಬಹಳ ಭಿನ್ನವಲ್ಲ. ಪ್ರತಿಷ್ಠಿತ ಬೋಧನಾ ಆಸ್ಪತ್ರೆಗಳ ಬಾಗಿಲು ಅವರಿಗೆ ಸುಲಭವಾಗಿ ತೆರೆಯಲಿಲ್ಲ. ಸ್ಥಳೀಯ ವೈದ್ಯರು ಒಲ್ಲದ ವೃದ್ಧರ ಚಿಕಿತ್ಸೆ, ಮನೋರೋಗ ವಿಭಾಗಗಳಲ್ಲಿ ಅವರಿಗೆ ಸ್ಥಾನ ದೊರೆಯಿತು. ವೇಲ್ಸಿನ ಗಣಿಕಣಿವೆಗಳಲ್ಲಿ, ಉತ್ತರ ಇಂಗ್ಲೆಂಡಿನ ಕೈಗಾರಿಕಾ ಪಟ್ಟಣಗಳಲ್ಲಿ ಅನೇಕರು ಜಿ.ಪಿ.ಗಳಾಗಿ ನೆಲೆನಿಂತರು. 1960ರಿಂದ 1963ರವರೆಗೆ ಇನಾಕ್ ಪೊವೆಲ್ ಆರೋಗ್ಯ ಸಚಿವರಾಗಿದ್ದಾಗಲೂ ಆಸ್ಪತ್ರೆಗಳು ನಡೆದದ್ದು ಇಂತಹವರ ದುಡಿಮೆಯಿಂದಲೇ. ಅದೇ ಪೊವೆಲ್ 1968ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ವಲಸಿಗರ ವಿರುದ್ಧ ಕುಖ್ಯಾತ ಭಾಷಣ ಮಾಡಿದರು.

1976ರ ಕಾನೂನು ಉದ್ಯೋಗದಲ್ಲಿಯೂ ಶಿಕ್ಷಣದಲ್ಲಿಯೂ ಜನಾಂಗೀಯ ತಾರತಮ್ಯವನ್ನು ನಿಷೇಧಿಸಿತು. ಆದರೆ ತಾರತಮ್ಯವಿದೆಯೆಂದು ಸಾಧಿಸುವ ಬಗೆ ಯಾವುದು? ಎರಡು ಘಟನೆಗಳು ಇದಕ್ಕೆ ಉತ್ತರ ನೀಡಿದವು.

ಮೊದಲನೆಯದು ಲಂಡನ್ನಿನ ಸೇಂಟ್ ಜಾರ್ಜಸ್ ವೈದ್ಯಕೀಯ ಶಾಲೆಯದು. ಪ್ರವೇಶ ಕೋರಿ ಬಂದ ಅರ್ಜಿಗಳನ್ನು ಜರಡಿ ಹಿಡಿಯಲು ಆ ಶಾಲೆಯವರು 1980ರ ದಶಕದಲ್ಲಿ ಕಂಪ್ಯೂಟರ್ ಬಳಸತೊಡಗಿದರು. ಹಿಂದೆ ಪರೀಕ್ಷಕರು ಯಾರನ್ನು ಆರಿಸಿದ್ದರೋ ಅದನ್ನೇ ಮಾದರಿಯಾಗಿಟ್ಟುಕೊಂಡು ಆ ಲೆಕ್ಕವನ್ನು ರಚಿಸಲಾಗಿತ್ತು. ಫಲವಾಗಿ, ಹೆಣ್ಣಾಗಿದ್ದರೆ ಅಂಕ ಕಡಿತ. ಹೆಸರು ಐರೋಪ್ಯವಲ್ಲದಿದ್ದರೆ ಮತ್ತಷ್ಟು ಕಡಿತ. ವರ್ಷಕ್ಕೆ ಸುಮಾರು 60 ಮಂದಿ ಈ ಕಾರಣಕ್ಕಾಗಿಯೇ ಸಂದರ್ಶನದಿಂದ ವಂಚಿತರಾಗಿರಬಹುದೆಂಬ ಸಂಗತಿ 1988ರಲ್ಲಿ ಜನಾಂಗೀಯ ಸಮಾನತಾ ಆಯೋಗದ ತನಿಖೆಯಿಂದ ಹೊರಬಂದಿತು. ವಿಪರ್ಯಾಸವೆಂದರೆ, ಲಂಡನ್ನಿನ ಇತರ ಅನೇಕ ವೈದ್ಯಶಾಲೆಗಳಿಗಿಂತ ಈ ಶಾಲೆಯಲ್ಲಿಯೇ ಅಲ್ಪಸಂಖ್ಯಾತ ವಿದ್ಯಾರ್ಥಿಗಳು ಹೆಚ್ಚಾಗಿದ್ದರು. ಮಿಕ್ಕೆಡೆ ಮನಸ್ಸಿನಲ್ಲಿ ನಡೆಯುತ್ತಿದ್ದ ಲೆಕ್ಕ ಇಲ್ಲಿ ಬರಹದಲ್ಲಿತ್ತು, ಆದ್ದರಿಂದಲೇ ಸಿಕ್ಕಿಬಿದ್ದಿತು.

ಎರಡನೆಯದು 1993ರದು. ಅನೀಸ್ ಇಸ್ಮಾಯಿಲ್ ಮತ್ತು ಸ್ಯಾಮ್ ಎವರಿಂಗ್ಟನ್ ಎಂಬ ವೈದ್ಯರು ಆಸ್ಪತ್ರೆಗಳ 23 ಹುದ್ದೆಗಳಿಗೆ ಜೋಡಿ ಅರ್ಜಿಗಳನ್ನು ಕಳುಹಿಸಿದರು. ಓದು, ಅನುಭವ ಎರಡರಲ್ಲಿಯೂ ಸರಿಸಮ. ಒಂದಕ್ಕೆ ಇಂಗ್ಲಿಷ್ ಹೆಸರು, ಇನ್ನೊಂದಕ್ಕೆ ಏಷ್ಯನ್ ಹೆಸರು. ಇಂಗ್ಲಿಷ್ ಹೆಸರಿನವರು ಸಂದರ್ಶನದ ಪಟ್ಟಿಗೆ ಸೇರುವ ಸಂಭವ ಎರಡರಷ್ಟಿತ್ತು. ಇದನ್ನು ಬಯಲಿಗೆ ತಂದವರಿಗೆ ಸಂದ ಬಹುಮಾನವೇನು? ಸುಳ್ಳು ಅರ್ಜಿ ಸಲ್ಲಿಸಿದರೆಂದು ಪೊಲೀಸರು ಅವರಿಬ್ಬರನ್ನು ಬಂಧಿಸಿದರು. ಮೊಕದ್ದಮೆ ಮುಂದುವರಿಯಲಿಲ್ಲ. ಅವರ ಲೆಕ್ಕ ಮಾತ್ರ ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನ ಪುಟಗಳಲ್ಲಿ ಉಳಿಯಿತು.

ಈ ಎರಡು ಪ್ರಸಂಗಗಳಿಂದ ನಾವು ಕಲಿಯಬೇಕಾದದ್ದು ಒಂದೇ: ಎಣಿಸದ ಅನ್ಯಾಯ ಕಾಣುವುದಿಲ್ಲ, ಕಾಣದ ಅನ್ಯಾಯ ತಿದ್ದಿಕೊಳ್ಳುವುದಿಲ್ಲ. ತಮಗೆ ಕೆಲಸ ಸಿಗದಿದ್ದಾಗ ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿ ತಮ್ಮಲ್ಲಿಯೇ ಕೊರತೆಯನ್ನು ಹುಡುಕಿಕೊಂಡರು. ಒಬ್ಬೊಬ್ಬರೇ ನೋಡಿದಾಗ ಅದು ಹಣೆಬರಹ. ಒಟ್ಟುಗೂಡಿಸಿ ನೋಡಿದಾಗಲೇ ಅದು ವ್ಯವಸ್ಥೆಯ ದೋಷ. 2015ರಿಂದ ಇಂಗ್ಲೆಂಡಿನ ಆರೋಗ್ಯ ಸೇವಾ ಸಂಸ್ಥೆಗಳು ನೇಮಕಾತಿ, ಶಿಸ್ತುಕ್ರಮ, ಕಿರುಕುಳಗಳ ಅಂಕಿಅಂಶಗಳನ್ನು ಜನಾಂಗವಾರು ವರದಿ ಮಾಡುತ್ತಿರುವುದರ ಹಿಂದೆ ಇರುವುದು ಇದೇ ಅರಿವು. ಆದರೂ ದಾರಿ ಮುಗಿದಿಲ್ಲ. 2020ರಲ್ಲಿ ಈ ದೇಶದಲ್ಲಿ ಕೋವಿಡ್‌ಗೆ ಬಲಿಯಾದ ಮೊದಲ ಹತ್ತು ವೈದ್ಯರೂ ಅಲ್ಪಸಂಖ್ಯಾತ ಜನಾಂಗಗಳವರೇ ಆಗಿದ್ದರು.

ಆದ್ದರಿಂದ ಆಸ್ಪತ್ರೆಯ ನಮೂನೆಯಲ್ಲಿ ನಮ್ಮ ಜನಾಂಗವನ್ನು ಕೇಳಿದಾಗ ಸಂಕೋಚಪಡದೆ ತುಂಬೋಣ. ಸಿಬ್ಬಂದಿಯ ಸಮೀಕ್ಷೆಗೆ ಉತ್ತರಿಸೋಣ. ಇನ್ನೊಂದು ಹೊಣೆಯೂ ನಮ್ಮ ಮೇಲಿದೆ. ಇಂದು ನಮ್ಮವರಲ್ಲಿ ಅನೇಕರು ಕನ್ಸಲ್ಟೆಂಟರು, ಆಯ್ಕೆ ಸಮಿತಿಗಳ ಸದಸ್ಯರು. ವೃದ್ಧರ ಆರೈಕೆಯ ಕೆಲಸ ಅರಸಿ ನೈಜೀರಿಯ, ಜಿಂಬಾಬ್ವೆ, ಕೇರಳಗಳಿಂದ ಬಂದವರ ಅರ್ಜಿಗಳು ಈಗ ನಮ್ಮವರ ಮೇಜಿನ ಮೇಲೂ ಬರುತ್ತವೆ. ಉಚ್ಚರಿಸಲು ತೊಡಕೆನಿಸುವ ಹೆಸರೊಂದು ಎದುರಾದಾಗ, ಹೆಸರನ್ನು ದಾಟಿ ಅರ್ಜಿಯನ್ನು ಕೊನೆಯವರೆಗೂ ಓದುವುದು ನಮ್ಮ ಕರ್ತವ್ಯ.