ಬರ್ಮಿಂಗ್‌ಹ್ಯಾಮಿನಲ್ಲಿ ನಡೆದ ಒಂದು ಮಾತುಕತೆ

1965ರಲ್ಲಿ ಎರಡು ಕಾದಂಬರಿಗಳು ಪ್ರಕಟವಾದವು. ಒಂದು ಇಂಗ್ಲಿಷಿನಲ್ಲಿ, ಮಾಲ್ಕಮ್ ಬ್ರಾಡ್‌ಬರಿ ಬರೆದ ‘ಸ್ಟೆಪಿಂಗ್ ವೆಸ್ಟ್‌ವರ್ಡ್’. ಇನ್ನೊಂದು ಕನ್ನಡದಲ್ಲಿ, ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’. ಮೊದಲನೆಯದರಲ್ಲಿ ಇಂಗ್ಲಿಷ್ ಲೇಖಕನೊಬ್ಬ ಅಟ್ಲಾಂಟಿಕ್ ದಾಟಿ ಅಮೆರಿಕೆಗೆ ಹೋಗುತ್ತಾನೆ. ಎರಡನೆಯದರಲ್ಲಿ ಯಾರೂ ಸಮುದ್ರ ದಾಟುವುದಿಲ್ಲ; ಮಲೆನಾಡಿನ ಅಗ್ರಹಾರವೊಂದರಲ್ಲಿ ಹೆಣ ಬಿದ್ದಿದೆ, ಅದನ್ನು ಸುಡುವವರು ಯಾರು ಎಂದು ತೀರ್ಮಾನವಾಗುತ್ತಿಲ್ಲ. ಮೇಲ್ನೋಟಕ್ಕೆ ಇವೆರಡಕ್ಕೂ ಯಾವ ಸಂಬಂಧವೂ ಕಾಣದು. ಆದರೆ ಈ ಇಬ್ಬರು ಲೇಖಕರೂ ಆ ದಿನಗಳಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿದ್ದರು. ಒಬ್ಬರು ಅಧ್ಯಾಪಕರು, ಇನ್ನೊಬ್ಬರು ಸಂಶೋಧನ ವಿದ್ಯಾರ್ಥಿ. ವಯಸ್ಸಿನಲ್ಲಿ ಗುರುವೂ ಶಿಷ್ಯನೂ ಸಮಾನರು. ಇಬ್ಬರೂ 1932ರಲ್ಲಿ ಹುಟ್ಟಿದವರು.

ಕಾದಂಬರಿಕಾರರನ್ನು ಎದುರು ಕೂರಿಸಿಕೊಂಡು ಹೊಸ ಪುಸ್ತಕದ ಬಗ್ಗೆ ಪ್ರಶ್ನೆ ಕೇಳುವ ಕಾರ್ಯಕ್ರಮಗಳು ಈಗ ನಮಗೆಲ್ಲ ಪರಿಚಿತ. ಕೇಳಿದ್ದಕ್ಕೆ ಉತ್ತರ ಬರುತ್ತದೆ, ಅರ್ಧ ಗಂಟೆ ಮುಗಿಯುತ್ತದೆ. ಆದರೆ ಲೇಖಕರು ತಮ್ಮತಮ್ಮಲ್ಲೇ, ಯಾವ ಕ್ಯಾಮೆರಾ ಇಲ್ಲದೆ ಆಡಿದ ಮಾತುಗಳಿಗೂ ಒಂದು ಚರಿತ್ರೆಯಿದೆ. ಅಂಥ ಒಂದು ಮಾತುಕತೆಯ ಫಲ ನಮ್ಮ ಪಠ್ಯಪುಸ್ತಕಗಳವರೆಗೂ ಬಂದಿದೆಯಾದ್ದರಿಂದ ಅದನ್ನು ಸ್ವಲ್ಪ ವಿವರವಾಗಿ ನೋಡೋಣ.

ಮೊದಲು ಕಾಲವನ್ನು ಗಮನಿಸಬೇಕು. ಎರಡನೆಯ ಮಹಾಯುದ್ಧ ಮುಗಿದಾಗ ಬ್ರಿಟನ್ ಗೆದ್ದಿತ್ತು, ಆದರೆ ಬರಿಗೈಯಾಗಿತ್ತು. ಆಹಾರದ ಪಡಿತರ ಅಲ್ಲಿ ಪೂರ್ತಿಯಾಗಿ ನಿಂತದ್ದು 1954ರಲ್ಲಿ. ಅತ್ತ ಅಮೆರಿಕದಲ್ಲಿ ಹಣವಿತ್ತು, ದೊಡ್ಡ ವಿಶ್ವವಿದ್ಯಾಲಯಗಳಿದ್ದವು. 1946ರಲ್ಲಿ ಫುಲ್‌ಬ್ರೈಟ್ ಯೋಜನೆ ಆರಂಭವಾಗಿತ್ತು. ಹಾರ್ಕ್‌ನೆಸ್ ವಿದ್ಯಾರ್ಥಿವೇತನ ಅದಕ್ಕೂ ಹಿಂದಿನದು. ಬ್ರಿಟನ್ನಿನ ಮಧ್ಯಮವರ್ಗದ, ಅದರಲ್ಲೂ ಮನೆತನದಲ್ಲೇ ಮೊದಲ ಬಾರಿಗೆ ಕಾಲೇಜು ಕಂಡ ಹುಡುಗರು ಹಡಗು ಹತ್ತಿದರು. ಹಿಂದೆ ಅಮೆರಿಕದ ಹೆನ್ರಿ ಜೇಮ್ಸ್, ಟಿ. ಎಸ್. ಎಲಿಯಟ್ ಮುಂತಾದವರು ಸಂಸ್ಕೃತಿಯನ್ನು ಅರಸಿ ಯೂರೋಪಿಗೆ ಬಂದಿದ್ದರು. ಈಗ ಪ್ರವಾಹ ತಿರುಗಿತು. ಬ್ರಾಡ್‌ಬರಿ 1955ರಲ್ಲಿ ಅಮೆರಿಕದ ಇಂಡಿಯಾನ ವಿಶ್ವವಿದ್ಯಾಲಯಕ್ಕೆ ಹೋದದ್ದು ಈ ಪ್ರವಾಹದಲ್ಲಿಯೇ.

‘ಸ್ಟೆಪಿಂಗ್ ವೆಸ್ಟ್‌ವರ್ಡ್’ ಕಾದಂಬರಿಯ ನಾಯಕ ಜೇಮ್ಸ್ ವಾಕರ್ ಕೂಡ ಹಾಗೆಯೇ ಹೋಗುತ್ತಾನೆ. ಅವನು ಸೇರುವ ವಿಶ್ವವಿದ್ಯಾಲಯಕ್ಕೆ ಬ್ರಾಡ್‌ಬರಿ ಇಟ್ಟ ಹೆಸರು ಬೆನೆಡಿಕ್ಟ್ ಆರ್ನಲ್ಡ್. ಅಮೆರಿಕದ ಸ್ವಾತಂತ್ರ್ಯ ಸಮರದಲ್ಲಿ ಬ್ರಿಟಿಷರ ಕಡೆಗೆ ಹಾರಿದ ಸೇನಾನಿಯ ಹೆಸರದು. ಅಲ್ಲಿ ದ್ರೋಹಿಗೆ ಇನ್ನೊಂದು ಮಾತು. ಅಲ್ಲಿನ ಅಧ್ಯಾಪಕರು ಸರ್ಕಾರಕ್ಕೆ ನಿಷ್ಠೆಯ ಪ್ರಮಾಣಪತ್ರ ಬರೆದುಕೊಡಬೇಕು ಎಂದಾಗ ವಾಕರ್ ಒಪ್ಪುವುದಿಲ್ಲ. ಇದು ತಮಾಷೆಗೆ ಕಟ್ಟಿದ ಕಥೆಯಲ್ಲ. ಕಮ್ಯೂನಿಸ್ಟರ ಭಯ ಹಬ್ಬಿದ್ದ ಆ ವರ್ಷಗಳಲ್ಲಿ ಅಮೆರಿಕದ ಅಧ್ಯಾಪಕರು ಇಂಥ ಪ್ರಮಾಣಕ್ಕೆ ಸಹಿ ಹಾಕಬೇಕಾಗಿತ್ತು. ಒಪ್ಪದ ಕೆಲವರು ಕೆಲಸ ಕಳೆದುಕೊಂಡರು. ಸ್ವಾತಂತ್ರ್ಯದ ನಾಡು ಎಂದು ಹೋದವನಿಗೆ ಮೊದಲು ಸಿಕ್ಕಿದ್ದು ಸಹಿ ಹಾಕಬೇಕಾದ ಕಾಗದ. ಕಾದಂಬರಿ ಈಗ ಓದುವಾಗ ಅಲ್ಲಲ್ಲಿ ಎಳೆದಂತೆ ಅನ್ನಿಸುತ್ತದೆ, ನಿಜ. ಈ ಒಂದು ಸಂದರ್ಭ ಮಾತ್ರ ಹಳತಾಗಿಲ್ಲ.

ಬರ್ಮಿಂಗ್‌ಹ್ಯಾಮಿನಲ್ಲಿ ಬ್ರಾಡ್‌ಬರಿಯವರ ಜೊತೆಗಾರ ಡೇವಿಡ್ ಲಾಜ್. ಇಬ್ಬರೂ ಅಧ್ಯಾಪಕರು, ಇಬ್ಬರೂ ಕಾದಂಬರಿಕಾರರು, ಇಬ್ಬರೂ ವಿಶ್ವವಿದ್ಯಾಲಯವನ್ನೇ ಗೇಲಿ ಮಾಡಿ ಬರೆದವರು. ಜನ ಒಬ್ಬರನ್ನು ಇನ್ನೊಬ್ಬರೆಂದು ತಿಳಿಯುವಷ್ಟು ಹೋಲಿಕೆ. 1963ರಲ್ಲಿ ಇವರು ವಿದ್ಯಾರ್ಥಿ ಮಿತ್ರನೊಬ್ಬನ ಜೊತೆ ಸೇರಿ ನಗರದ ರಂಗಮಂದಿರಕ್ಕೆ ಹಾಸ್ಯ ಪ್ರಹಸನಗಳನ್ನೂ ಬರೆದುಕೊಟ್ಟರು. ಲಾಜ್ ಮುಂದೆ 1975ರಲ್ಲಿ ‘ಚೇಂಜಿಂಗ್ ಪ್ಲೇಸಸ್’ ಬರೆದರು. ಬರ್ಮಿಂಗ್‌ಹ್ಯಾಮನ್ನು ‘ರಮ್ಮಿಡ್ಜ್’ ಎಂದು ಮಾರುವೇಷ ಹಾಕಿ ನಿಲ್ಲಿಸಿ, ಅಲ್ಲಿನ ಪ್ರಾಧ್ಯಾಪಕನನ್ನು ಅಮೆರಿಕೆಗೂ ಅಮೆರಿಕದವನನ್ನು ಇಲ್ಲಿಗೂ ಆರು ತಿಂಗಳು ಅದಲುಬದಲು ಮಾಡಿದ ಕಥೆ. ಹೊಟ್ಟೆ ಹುಣ್ಣಾಗುವಂತೆ ನಗಿಸುವ ಪುಸ್ತಕ. ಅದೇ ವಿಶ್ವವಿದ್ಯಾಲಯದಲ್ಲಿ ರಿಚರ್ಡ್ ಹೊಗಾರ್ಟ್ 1964ರಲ್ಲಿ ಸಮಕಾಲೀನ ಸಂಸ್ಕೃತಿಯ ಅಧ್ಯಯನಕ್ಕೆಂದು ಹೊಸ ಕೇಂದ್ರ ತೆರೆದರು. ಒಟ್ಟಿನಲ್ಲಿ ಹೊಗೆ ಮೆತ್ತಿದ ಆ ಕಾರ್ಖಾನೆಗಳ ಊರಿನಲ್ಲಿ ಮಾತಿಗೆ ಬರವಿರಲಿಲ್ಲ.

ಈ ಊರಿಗೆ 1963ರಲ್ಲಿ ಕಾಮನ್‌ವೆಲ್ತ್ ವಿದ್ಯಾರ್ಥಿವೇತನ ಪಡೆದು ಬಂದವರು ತೀರ್ಥಹಳ್ಳಿ ತಾಲ್ಲೂಕಿನ ಅನಂತಮೂರ್ತಿ. ಅವರ ಸಂಶೋಧನೆಯ ವಿಷಯ 1930ರ ದಶಕದ ಇಂಗ್ಲಿಷ್ ಕಾದಂಬರಿ ಮತ್ತು ರಾಜಕೀಯ. ಒಂದು ಸಂಜೆ ಬ್ರಾಡ್‌ಬರಿಯವರೊಂದಿಗೆ ಸ್ವೀಡನ್ನಿನ ಇಂಗ್ಮಾರ್ ಬರ್ಗ್‌ಮನ್ನರ ‘ದ ಸೆವೆಂತ್ ಸೀಲ್’ ಚಿತ್ರ ನೋಡಿದರು. 1957ರ ಚಿತ್ರ ಅದು. ಧರ್ಮಯುದ್ಧ ಮುಗಿಸಿ ಊರಿಗೆ ಮರಳುವ ಯೋಧ. ಊರಿನ ತುಂಬ ಪ್ಲೇಗು. ಎದುರಿಗೆ ಬಂದು ನಿಂತ ಸಾವಿನೊಡನೆ ಅವನು ಚದುರಂಗ ಆಡುತ್ತಾನೆ. ಚಿತ್ರಕ್ಕೆ ಇಂಗ್ಲಿಷ್ ಅಡಿಬರಹವಿರಲಿಲ್ಲ, ಸ್ವೀಡಿಷ್ ಮಾತು ಅರ್ಥವಾಗುತ್ತಿರಲಿಲ್ಲ.

ಹೊರಗೆ ಬಂದ ಮೇಲೆ ಅನಂತಮೂರ್ತಿಯವರು ಹೇಳಿದ್ದು, ಅವರೇ ಮುಂದೆ ಹಲವು ಸಲ ನೆನೆದಂತೆ, ಇಷ್ಟು: ಯೂರೋಪಿನ ಕಲಾವಿದ ಮಧ್ಯಯುಗವನ್ನು ಓದಿ, ಕಲ್ಪಿಸಿ ಕಟ್ಟಿಕೊಳ್ಳಬೇಕು, ನಮಗೆ ಆ ಕಷ್ಟವಿಲ್ಲ, ನಮ್ಮಲ್ಲಿ ಮಧ್ಯಯುಗವೂ ಆಧುನಿಕ ಯುಗವೂ ಒಟ್ಟಿಗೇ ಬದುಕಿವೆ. ಬ್ರಾಡ್‌ಬರಿ ಈ ಮಾತನ್ನು ಚರ್ಚೆಗೆ ಎಳೆಯಲಿಲ್ಲ. ಹಾಗಾದರೆ ಅದನ್ನೇ ಬರೆಯಿರಿ ಎಂದರು.

ಒಂದು ಮಾತಿನಿಂದಲೇ ಕಾದಂಬರಿ ಹುಟ್ಟಿತು ಎಂದು ಯಾರೂ ತಿಳಿಯಬಾರದು. ಪ್ಲೇಗು, ಅಗ್ರಹಾರ, ಮಡಿ, ಹೆಣ, ಇವು ಯಾವುವೂ ಬರ್ಮಿಂಗ್‌ಹ್ಯಾಮಿನಲ್ಲಿ ಸಿಗುವ ಸರಕಲ್ಲ. ಅವು ಲೇಖಕರ ಜೊತೆಯಲ್ಲೇ ಹಡಗು ಹತ್ತಿ ಬಂದಿದ್ದವು. ಮಾತುಕತೆ ಮಾಡಿದ ಕೆಲಸ ಬೇರೆ: ಮನೆಯಲ್ಲಿದ್ದಾಗ ಮಾಮೂಲಾಗಿದ್ದದ್ದು ಅಷ್ಟು ದೂರ ಹೋಗಿ ಪರಕೀಯನ ಪಕ್ಕದಲ್ಲಿ ಕುಳಿತಾಗ ಕಥೆಯಾಗಿ ಕಂಡಿತು.

ಇಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿ ಭಾಷೆಯದು. ಆಡಿದ್ದು ಇಂಗ್ಲಿಷಿನಲ್ಲಿ, ಕೇಳಿದವರು ಇಂಗ್ಲಿಷ್ ಲೇಖಕರು, ಡಾಕ್ಟರೇಟ್ ಇಂಗ್ಲಿಷ್ ಸಾಹಿತ್ಯದ್ದು. ಆ ಕಾದಂಬರಿಯನ್ನೂ ಇಂಗ್ಲಿಷಿನಲ್ಲಿ ಬರೆದಿದ್ದರೆ ಬ್ರಾಡ್‌ಬರಿ ಮರುದಿನವೇ ಓದಬಹುದಿತ್ತು, ಲಂಡನ್ನಿನ ಪ್ರಕಾಶಕರೂ ದೂರವಿರಲಿಲ್ಲ. ಅನಂತಮೂರ್ತಿ ಬರೆದದ್ದು ಕನ್ನಡದಲ್ಲಿ. ಬರೆಯಿರಿ ಎಂದವರೇ ಅದನ್ನು ಓದಲಾಗದೆ ಉಳಿದರು. ಪ್ರಾಣೇಶಾಚಾರ್ಯರ ಒದ್ದಾಟವನ್ನು ಮಂತ್ರ, ಪುರಾಣ, ಊರ ಬೈಗುಳ ಎಲ್ಲ ಕೂಡಿದ ಆ ಕನ್ನಡದಿಂದ ಬಿಡಿಸಿ ನೋಡುವುದೇ ಕಷ್ಟ. ಪರದೇಶದಲ್ಲಿದ್ದ ಮೂವತ್ತೊಂದು, ಮೂವತ್ತೆರಡರ ಯುವಕ ಈ ಆಯ್ಕೆಯಲ್ಲಿ ಬಿಟ್ಟುಕೊಟ್ಟದ್ದು ಕಡಿಮೆಯೇನಲ್ಲ.

ಬ್ರಾಡ್‌ಬರಿ 1965ರಲ್ಲಿ ನಾರಿಚ್ ಊರಿನ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯಕ್ಕೆ ಹೋದರು. 1970ರಲ್ಲಿ ಆಂಗಸ್ ವಿಲ್ಸನ್ನರ ಜೊತೆಗೂಡಿ ಅಮೆರಿಕದ ಮಾದರಿಯಲ್ಲಿ ಕಥೆ ಬರೆಯುವುದನ್ನು ಕಲಿಸುವ ಸ್ನಾತಕೋತ್ತರ ತರಗತಿ ತೆರೆದರು. ಬರೆಯುವುದನ್ನು ಕಲಿಸಲು ಬರುತ್ತದೆಯೇ ಎಂದು ನಕ್ಕವರಿದ್ದರು. ಮೊದಲ ವರ್ಷದ ವಿದ್ಯಾರ್ಥಿ ಇಯಾನ್ ಮೆಕ್ಯೂವನ್. ಹತ್ತು ವರ್ಷದೊಳಗೆ ಕಜುವೊ ಇಶಿಗುರೊ ಕೂಡ ಅಲ್ಲಿಗೇ ಬಂದರು. ಅಮೆರಿಕದ ಸಾಹಿತ್ಯವನ್ನು ಅಲ್ಲಿ ಕಲಿಸುತ್ತಿದ್ದ ಕ್ರಿಸ್ಟೋಫರ್ ಬಿಗ್ಸ್‌ಬಿ 1989ರಲ್ಲಿ ಆರ್ಥರ್ ಮಿಲ್ಲರ್ ಹೆಸರಿನ ಅಧ್ಯಯನ ಕೇಂದ್ರ ಆರಂಭಿಸಿದರು. ಎರಡೂ ದಡದ ಲೇಖಕರನ್ನು ಸಭಿಕರ ಮುಂದೆ ಕೂರಿಸಿ ಅವರು ನಡೆಸಿದ ಸಂವಾದಗಳು ಮುಂದೆ ಸಂಪುಟಗಳಾಗಿ ಬಂದವು. ಎರಡು ದಡಗಳ ಕಾದಂಬರಿ ಸಂಬಂಧವನ್ನು ಕುರಿತು ಬ್ರಾಡ್‌ಬರಿ 1995ರಲ್ಲಿ ‘ಡೇಂಜರಸ್ ಪಿಲ್ಗ್ರಿಮೇಜಸ್’ ಎಂಬ ದೊಡ್ಡ ಗ್ರಂಥ ಬರೆದರು. 2000ದಲ್ಲಿ ತೀರಿಕೊಂಡರು.

‘ಸಂಸ್ಕಾರ’ವೂ ಅಟ್ಲಾಂಟಿಕ್ ದಾಟಿತು, ತಡವಾಗಿ. ದಾಟಿಸಿದವರು ಮೈಸೂರಿನವರೇ ಆದ ಎ. ಕೆ. ರಾಮಾನುಜನ್. 1959ರಲ್ಲಿ ಅವರು ಅಮೆರಿಕದಲ್ಲಿ ಕಾಲಿಟ್ಟದ್ದು ಇಂಡಿಯಾನ ವಿಶ್ವವಿದ್ಯಾಲಯಕ್ಕೆ, ಬ್ರಾಡ್‌ಬರಿ ಇದ್ದು ಹೋದ ಜಾಗಕ್ಕೇ. ಆಮೇಲೆ ಷಿಕಾಗೋದಲ್ಲಿ ನೆಲೆಸಿದರು. ಅವರ ಇಂಗ್ಲಿಷ್ ಅನುವಾದ 1976ರಲ್ಲಿ ಬಂತು. ಮರುವರ್ಷವೇ ವಿ. ಎಸ್. ನೈಪಾಲ್ ತಮ್ಮ ಭಾರತದ ಪುಸ್ತಕದಲ್ಲಿ ಈ ಕಾದಂಬರಿಯನ್ನು ಎತ್ತಿಕೊಂಡು ದೀರ್ಘವಾಗಿ ಬರೆದರು. ಗಾಯಗೊಂಡ ನಾಗರಿಕತೆ ಎಂಬ ತಮ್ಮ ವಾದಕ್ಕೆ ಅದನ್ನು ಸಾಕ್ಷಿಗೆ ನಿಲ್ಲಿಸಿದರು. ನನಗೆ ಇದು ಸರಿಯಾದ ಓದು ಎನ್ನಿಸುವುದಿಲ್ಲ. ಅಗ್ರಹಾರವನ್ನು ಒಳಗಿನಿಂದ ಅಷ್ಟು ಕಠಿಣವಾಗಿ ಪ್ರಶ್ನಿಸಿದ ಪುಸ್ತಕವನ್ನು ಅಗ್ರಹಾರದ ರೋಗಲಕ್ಷಣವೆಂದು ಓದಿದಂತಾಯಿತು.

ರಾಮಾನುಜನ್ನರಿಗೆ ಎದುರಾದ ಮೊದಲ ತೊಡಕು ಪುಸ್ತಕದ ಹೆಸರೇ. ಹೆಣದ ಸಂಸ್ಕಾರ, ಮನುಷ್ಯನ ಸಂಸ್ಕಾರ, ಜನ್ಮಾಂತರದಿಂದ ಬಂದ ಸಂಸ್ಕಾರ, ಇಷ್ಟೂ ಅರ್ಥಕ್ಕೆ ಇಂಗ್ಲಿಷಿನಲ್ಲಿ ಒಂದು ಪದವಿಲ್ಲ. ಅವರು ಹೆಸರನ್ನು ಹಾಗೆಯೇ ಉಳಿಸಿಕೊಂಡರು. ಕಥೆ ಶುರುವಾಗುವ ಮೊದಲೇ ಒಂದು ಪುಟದಲ್ಲಿ ಆ ಪದದ ಅರ್ಥಗಳನ್ನು ಸಾಲಾಗಿ ಕೊಟ್ಟರು. ಅವನ್ನು ತೆಗೆದುಕೊಂಡದ್ದು ಜರ್ಮನಿಯಿಂದ ಬಂದ ಪಾದ್ರಿ ಕಿಟ್ಟೆಲ್ 1894ರಲ್ಲಿ ಮಂಗಳೂರಿನಲ್ಲಿ ಅಚ್ಚು ಮಾಡಿಸಿದ ಕನ್ನಡ ನಿಘಂಟಿನಿಂದ. ನಿಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಆ ಅನುವಾದ ಸಿಕ್ಕರೆ ಮೊದಲು ಈ ಪುಟವನ್ನು ತೆರೆದು, ಅನಂತರ ಕನ್ನಡದ ಮೊದಲ ಅಧ್ಯಾಯಕ್ಕೆ ಹೋಗಿ.