ವೀರಗಾಸೆಯ ಅರ್ಥ ಮತ್ತು ರಕ್ಷಣೆ

ರಾಜ್ಯೋತ್ಸವದ ದಿನಗಳಲ್ಲಿ ಪೀಣ್ಯದಂತಹ ಕೈಗಾರಿಕಾ ಬಡಾವಣೆಗಳ ಸಮಾರಂಭಗಳಿಗೆ ವೀರಗಾಸೆಯ ಮೇಳಗಳನ್ನು ಕರೆಸುವುದು ಈಗ ಸಾಮಾನ್ಯವಾಗಿದೆ. ಕೆಂಪು ವಸ್ತ್ರ, ರುದ್ರಾಕ್ಷಿ, ನಾಗಾಭರಣ, ಬೆನ್ನಿಗಿಳಿದ ಚೌರಿ, ಕೈಯಲ್ಲಿ ಖಡ್ಗ. ಕರಡೆಯ ಬಡಿತಕ್ಕೆ ಹತ್ತು ನಿಮಿಷ ಕುಣಿದು ಗಣ್ಯರನ್ನು ವೇದಿಕೆಗೆ ತಲುಪಿಸಿದರೆ ಮೇಳದ ಕಾರ್ಯ ಮುಗಿಯಿತು. ನೋಡಿದವರು ಮೆಚ್ಚುತ್ತಾರೆ. ಆದರೆ ಅವರು ಕಂಡದ್ದು ವೀರಗಾಸೆಯ ವೇಷವನ್ನು ಮಾತ್ರ ಎನ್ನದೆ ವಿಧಿಯಿಲ್ಲ.

ವೀರಭದ್ರನನ್ನು ಕುಲದೈವವಾಗಿ ಪೂಜಿಸುವ ಮನೆತನಗಳಲ್ಲಿ ವಿವಾಹಾದಿ ಶುಭಕಾರ್ಯಗಳಿಗೆ ಗುಗ್ಗುಳ ಹೊರಡಿಸುವ ಸಂಪ್ರದಾಯವುಂಟು. ಉರಿಯುವ ಗುಗ್ಗುಳದ ಕೊಡದೊಡನೆ ಸಾಗುವ ಲಿಂಗವೀರರು, ಉತ್ತರ ಕರ್ನಾಟಕದಲ್ಲಾದರೆ ಪುರವಂತರು, ನಡುನಡುವೆ ವಾದ್ಯ ನಿಲ್ಲಿಸಿ ಖಡ್ಗ ಹೇಳುತ್ತಾರೆ. ಒಡಪೆಂದೂ ಇದಕ್ಕೆ ಹೆಸರು. ಶಿವನಿಗೆ ಹವಿರ್ಭಾಗ ಕೊಡದ ದಕ್ಷನ ಅಹಂಕಾರ, ದಾಕ್ಷಾಯಿಣಿಯ ದೇಹತ್ಯಾಗ, ಶಿವನ ಜಟೆಯಿಂದ ವೀರಭದ್ರನ ಉದ್ಭವ, ಯಜ್ಞಧ್ವಂಸ ಇವೇ ಅದರ ವಸ್ತು. 13ನೆಯ ಶತಮಾನದ ರಾಘವಾಂಕನು ‘ವೀರೇಶ ಚರಿತೆ’ಯಲ್ಲಿ ಉದ್ದಂಡ ಷಟ್ಪದಿಗೆ ಅಳವಡಿಸಿದ್ದೂ ಈ ಕಥೆಯನ್ನೇ. ಕಥೆಯು ಶಿರಚ್ಛೇದದಲ್ಲಿ ಮುಗಿಯುವುದಿಲ್ಲ. ದಕ್ಷನು ಕುರಿಯ ತಲೆಯಿಂದ ಮರಳಿ ಜೀವ ಪಡೆಯುತ್ತಾನೆ. ಕುರಿದಲೆಯ ದಕ್ಷನು ಕೈಮುಗಿದು ನಿಂತಿರುವುದನ್ನು ವೀರಭದ್ರನ ವಿಗ್ರಹಗಳ ಪಕ್ಕದಲ್ಲಿ ನಾವೆಲ್ಲ ಕಂಡಿದ್ದೇವೆ. ಹತ್ತು ನಿಮಿಷದ ವೇದಿಕೆಯಲ್ಲಿ ರೌದ್ರಕ್ಕೆ ಎಡೆಯುಂಟು, ಈ ಕ್ಷಮೆಗಿಲ್ಲ.

ಇದು ನಮ್ಮೊಬ್ಬರ ಸಮಸ್ಯೆಯಲ್ಲ. ಇಂಡೋನೇಷ್ಯಕ್ಕೆ ಸೇರಿದ ಬಾಲಿ ದ್ವೀಪದ ಹಿಂದೂಗಳಲ್ಲಿಯೂ ದೇವಾಲಯದ ನೃತ್ಯಗಳು ಪ್ರವಾಸಿಗಳ ಮನರಂಜನೆಗೆ ಇಳಿಯುವ ಶಂಕೆ ಮೂಡಿತ್ತು. 1971ರಲ್ಲಿ ಡೆನ್‌ಪಸಾರ್‌ನಲ್ಲಿ ನಡೆದ ವಿದ್ವದ್ಗೋಷ್ಠಿಯು ಪೂಜೆಗೇ ಮೀಸಲಾದ ‘ವಲಿ’, ಉತ್ಸವಕ್ಕೆ ಸಂಗಡವಾದ ‘ಬೆಬಲಿ’, ವಿನೋದದ ‘ಬಲಿಹ್‌ಬಲಿಹಾನ್’ ಎಂದು ನೃತ್ಯಗಳನ್ನು ಮೂರಾಗಿ ವಿಂಗಡಿಸಿತು. 2015ರಲ್ಲಿ ಯುನೆಸ್ಕೊ ಈ ಮೂರು ಬಗೆಗಳನ್ನೂ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಕಾಗದದ ಮೇಲೆ ಗೆರೆ ಎಳೆಯುವುದು ಸುಲಭ, ನಿಜ. ಆದರೂ ನಾವು ಅಷ್ಟನ್ನೂ ಮಾಡಿಲ್ಲ.

ವೀರಗಾಸೆಯನ್ನು ವೇದಿಕೆಯಿಂದ ಇಳಿಸಬೇಕೆಂಬುದು ನನ್ನ ಅಭಿಪ್ರಾಯವಲ್ಲ. ಕಲಾವಿದನ ಸಂಸಾರವೂ ಸಾಗಬೇಕಷ್ಟೆ. ಆದರೆ ಕೆನ್ನೆ ನಾಲಗೆಗಳಿಗೆ ಶಸ್ತ್ರ ಧರಿಸುವ ಹರಕೆಯನ್ನು ಚಪ್ಪಾಳೆಗಾಗಿ ತೋರಿಸುವುದು ಸಲ್ಲದು. ಒಡಪಿನ ಚಿಂತೆ ಇನ್ನೂ ದೊಡ್ಡದು. ಅದು ಬಹುಮಟ್ಟಿಗೆ ಬಾಯಿಂದ ಬಾಯಿಗೆ ಬಂದುದು. ಮಗನು ಊರು ಬಿಟ್ಟು ಪೀಣ್ಯದ ಪಾಳಿಯ ಕೆಲಸಕ್ಕೆ ಸೇರಿದರೆ ತಂದೆಯ ಪಾಠ ಅಲ್ಲಿಗೇ ನಿಲ್ಲುತ್ತದೆ. ಹಿರಿಯ ಪುರವಂತರನ್ನು ಮಠಗಳ ಪಾಠಶಾಲೆಗಳಿಗೆ ಬರಮಾಡಿಕೊಂಡು, ಅವರ ಒಡಪುಗಳನ್ನು ವಟುಗಳಿಂದ ಬರೆಯಿಸಿ ಬಾಯಿಪಾಠ ಮಾಡಿಸಬೇಕು. ಶ್ರಾವಣದ ಒಂದು ಸಂಜೆಯಾದರೂ, ಕುಣಿತವಿಲ್ಲದಿದ್ದರೂ ಸರಿಯೆ, ದಕ್ಷನಿಗೆ ಜೀವದಾನವಾಗುವವರೆಗೆ ಕಥೆಯನ್ನು ಪೂರ್ತಿಯಾಗಿ ಹೇಳಿಸಲಿ.