ಪರದೆಯ ಹಿಂದಿನ ದನಿ ಯಾರದು?

‘ಪವರ್‌ಪಫ್ ಗರ್ಲ್ಸ್’ ಕಾರ್ಟೂನ್ ನೆನಪಿದೆಯೇ? 1998ರಲ್ಲಿ ಅಮೆರಿಕದಲ್ಲಿ ಶುರುವಾದ ಸರಣಿ. ಮೂವರು ಪುಟ್ಟ ಹುಡುಗಿಯರು ಹಾರಾಡಿ, ಹೊಡೆದಾಡಿ ತಮ್ಮ ಊರನ್ನು ಕಾಪಾಡುತ್ತಾರೆ. ಪ್ರತಿ ಕಂತು ಒಂದು ಗಂಡು ದನಿಯಿಂದ ಶುರುವಾಗುತ್ತದೆ, ಅದೇ ದನಿಯಿಂದ ಮುಗಿಯುತ್ತದೆ. ಊರು ಹೇಗಿದೆ, ಗಂಡಾಂತರ ಎಲ್ಲಿಂದ ಬಂತು, ಕೊನೆಗೆ ಯಾರು ಗೆದ್ದರು, ಎಲ್ಲವನ್ನೂ ಹೇಳುವುದು ಆ ದನಿ. ಹೇಳುವವನ ಮುಖ ಮಾತ್ರ ಸಾಮಾನ್ಯವಾಗಿ ಕಾಣುವುದಿಲ್ಲ. ದನಿ ಕೊಟ್ಟವರು ಟಾಮ್ ಕೆನ್ನಿ.

ಈ ಸರಣಿಯ ಒಂದು ಕಂತಿನಲ್ಲಿ ಮೋಜೋ ಜೋಜೋ ಎಂಬ ಖಳ, ಅವನೊಂದು ಮಂಗ, ಕಥೆ ಹೇಳುವವನನ್ನೇ ಕಟ್ಟಿಹಾಕಿ ತಾನೇ ಮೈಕ್ ಹಿಡಿಯುತ್ತಾನೆ. ಆಮೇಲೆ ಅವನು ಹೇಳಿದ್ದೇ ಕಥೆ. ಎಂಥ ರಾಕ್ಷಸರನ್ನೂ ಬಡಿದು ಹಾಕುವ ಆ ಹುಡುಗಿಯರು ಅವನ ಮಾತಿನಂತೆ ಕುಣಿಯಬೇಕಾಗುತ್ತದೆ. ಮಕ್ಕಳ ಕಾರ್ಟೂನೇ ಇರಬಹುದು, ಆದರೆ ಕಾಣದ ದನಿಗೆ ಎಷ್ಟು ಅಧಿಕಾರ ಇದೆ ಎಂದು ಇಷ್ಟು ಸಲೀಸಾಗಿ ಹೇಳಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ನಮ್ಮ ಕಡೆಯವರಿಗೆ ಈ ವಿಷಯ ಹೊಸದೇನಲ್ಲ. ನಾರ್ವೆ, ಕೊಪ್ಪ, ಶೃಂಗೇರಿ, ಎನ್.ಆರ್.ಪುರದ ಸುತ್ತ ಯಕ್ಷಗಾನ ಗೊತ್ತಿಲ್ಲದವರು ಕಡಿಮೆ. ಭಾಗವತರು ಪದ ಎತ್ತದೆ ವೇಷ ಹೆಜ್ಜೆ ಇಡುವುದಿಲ್ಲ. ಆದರೆ ಭಾಗವತರು ರಂಗದ ಮೇಲೆಯೇ ಕೂತಿರುತ್ತಾರೆ, ಎಲ್ಲರಿಗೂ ಕಾಣುತ್ತಾರೆ. ಪೂರ್ತಿ ಕಾಣದ ದನಿ ಬೇಕೆಂದರೆ ಗೊಂಬೆಯಾಟದ ಕಡೆ ಹೋಗಬೇಕು. ಆಗುಂಬೆ ಘಾಟಿ ಇಳಿದು ಕುಂದಾಪುರದತ್ತ ಹೋದರೆ ಉಪ್ಪಿನಕುದ್ರು ಸಿಗುತ್ತದೆ. ಅಲ್ಲಿನ ಕಾಮತರ ಮನೆತನ ಯಕ್ಷಗಾನದ ವೇಷವನ್ನೇ ಮರದ ಗೊಂಬೆಗೆ ತೊಡಿಸಿ, ದಾರ ಕಟ್ಟಿ ಕುಣಿಸಿತು. ಕೊಗ್ಗ ಕಾಮತರು ಈ ಆಟವನ್ನು ಹೊರದೇಶಗಳ ತನಕ ಒಯ್ದರು. ಅವರ ಮಗ ಭಾಸ್ಕರ ಕೊಗ್ಗ ಕಾಮತರು ಅದನ್ನು ಮುಂದುವರಿಸಿದರು.

ಇನ್ನೊಂದು ತೊಗಲುಗೊಂಬೆ ಆಟ. ಆಕ್ಷನ್ ಕಾರ್ಟೂನಿಗೆ ನಿಜವಾದ ಅಜ್ಜ ಅಂದರೆ ಇದೇ. ಬಿಳಿ ಪರದೆ, ಅದರ ಹಿಂದೆ ದೀಪ, ದೀಪಕ್ಕೂ ಪರದೆಗೂ ನಡುವೆ ಬಣ್ಣ ಹಚ್ಚಿದ ತೊಗಲಿನ ಗೊಂಬೆ. ಇದನ್ನು ಆಡಿಸುತ್ತ ಬಂದವರು ಕಿಳ್ಳೇಕ್ಯಾತ ಸಮುದಾಯದವರು. ಮನೆಯೊಳಗೆ ಅವರು ಆಡುವುದು ಮರಾಠಿಯ ಒಂದು ಬಗೆ. ಪರದೆಯ ಹಿಂದೆ ಕೂತರೆ ರಾಮನೂ ರಾವಣನೂ ಕನ್ನಡದಲ್ಲಿ ಮಾತಾಡುತ್ತಾರೆ. ಗೊಂಬೆಯ ಅಳತೆಯಲ್ಲೂ ಲೆಕ್ಕವಿತ್ತು: ರಾಜರು, ದೇವರು ದೊಡ್ಡವು, ಸಾಮಾನ್ಯ ಜನ ಸಣ್ಣವು. (ಆ ಲೆಕ್ಕ ಪರದೆಯ ಈಚೆಗೂ ಇತ್ತು, ಬಿಡಿ.)

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಎಷ್ಟೋ ತೊಗಲುಗೊಂಬೆಗಳು ಒಂದೇ ತುಂಡಿನವು. ರಥ, ಕುದುರೆ, ಕೂತ ವೀರ ಎಲ್ಲ ಸೇರಿ ಒಂದೇ ತೊಗಲು. ಅಂಥದು ಕೈಯೆತ್ತಿ ಬಾಣ ಬಿಡಲಾರದು. ಪರದೆಗೆ ಹತ್ತಿರ ತರಬಹುದು, ದೂರ ಸರಿಸಬಹುದು, ಅಲುಗಿಸಬಹುದು. ಹಾಗಾದರೆ ಯುದ್ಧ ನಡೆದದ್ದು ಎಲ್ಲಿ? ದನಿಯಲ್ಲಿ. ಹಿಂದೆ ಕೂತವರ ಹಾಡು, ಮದ್ದಳೆಯ ಪೆಟ್ಟು, ಏರಿದ ಮಾತು ಸೇರಿ ಅಲುಗದ ಕುದುರೆಯನ್ನು ಓಡಿಸುತ್ತಿದ್ದವು.

ಕಾರ್ಟೂನ್ ಮಾಡುವವರ ಕಷ್ಟವೂ ಇದೇ. ತೆರೆಯ ಮೇಲೆ ಒಂದು ಸೆಕೆಂಡಿಗೆ 24 ಚೌಕಟ್ಟು ಓಡುತ್ತವೆ. ಟಿವಿಗೆ ವಾರಕ್ಕೊಂದು ಕಂತು ಕೊಡುವವರು ಅಷ್ಟನ್ನೂ ಬೇರೆಬೇರೆಯಾಗಿ ಬರೆಯುತ್ತ ಕೂರಲು ಸಾಧ್ಯವಿಲ್ಲ. ಒಂದೇ ಚಿತ್ರವನ್ನು ಎರಡು ಮೂರು ಚೌಕಟ್ಟು ನಿಲ್ಲಿಸುತ್ತಾರೆ, ಕೆಲವೊಮ್ಮೆ ಇನ್ನೂ ಹೆಚ್ಚು. ಜಪಾನಿನ ‘ಡ್ರ್ಯಾಗನ್ ಬಾಲ್ ಝಡ್’ 1989ರಿಂದ 1996ರ ತನಕ 291 ಕಂತು ಓಡಿತು. ಅದರಲ್ಲಿ ಒಂದೊಂದು ಹೊಡೆದಾಟ ಎಷ್ಟೋ ಕಂತು ಎಳೆಯುತ್ತದೆ. ವೀರರು ಸುಮ್ಮನೆ ಎದುರುಬದುರು ನಿಂತು ಗುರಾಯಿಸುತ್ತಿರುವಾಗ ಕಾಣದ ದನಿ ಬಂದು, ಮುಂದೇನಾಗುವುದೋ ಎಂದು ನಮ್ಮ ಎದೆ ಬಡಿಯುವಂತೆ ಮಾಡುತ್ತದೆ. ಹಿಂದಿನ ವಾರ ನೋಡದವರಿಗೆ ಕಥೆ ನೆನಪಿಸುವುದೂ ಅದೇ.

ಭಾರತದ ಟಿವಿಯಲ್ಲಿ ಇಂಥ ದನಿ ದೊಡ್ಡದಾಗಿ ಕೇಳಿಸಿದ್ದು ಕಾರ್ಟೂನಿನಲ್ಲಲ್ಲ. 1988ರ ಅಕ್ಟೋಬರ್ 2ರಿಂದ ದೂರದರ್ಶನದಲ್ಲಿ ಬಂದ ಬಿ.ಆರ್. ಚೋಪ್ರಾ ಅವರ ‘ಮಹಾಭಾರತ’ದಲ್ಲಿ ಕಥೆ ಹೇಳುವವನು ಕಾಲ. ಅವನಿಗೆ ಮೈಯಿಲ್ಲ, ದನಿ ಮಾತ್ರ. ಚಿತ್ರಕಥೆ ಬರೆದ ರಾಹಿ ಮಾಸೂಮ್ ರಝಾ ಅವರ ಕಲ್ಪನೆ ಅದು. ದನಿ ಹರೀಶ್ ಭಿಮಾನಿ ಅವರದು. ದನಿ ಗಂಭೀರವಾಗಿತ್ತು, ಒಪ್ಪೋಣ. ಆದರೆ ಅದು ಹಿಂದಿ. ಕುಮಾರವ್ಯಾಸನ ಭಾರತ ವಾಚನ ಕೇಳಿದ ಮನೆಗಳವರು ಅರ್ಧ ಅರ್ಥವಾಗಿ, ಅರ್ಧ ಊಹಿಸಿ ನೋಡಬೇಕಾಯಿತು.

ಆಮೇಲೆ ಕೇಬಲ್ ಬಂತು, ಡಿಶ್ ಬಂತು. 2000ದ ನಂತರದ ವರ್ಷಗಳಲ್ಲಿ ಕಾರ್ಟೂನ್ ನೆಟ್‌ವರ್ಕ್ ಇಂಗ್ಲಿಷ್, ಹಿಂದಿ, ತಮಿಳು, ತೆಲುಗು ಮಾತಾಡುತ್ತಿತ್ತು. ಕನ್ನಡ ಇರಲಿಲ್ಲ. ಕಾರಣದ ಒಂದು ಬೇರು 1960ರ ದಶಕದಲ್ಲಿದೆ. ಅ.ನ.ಕೃ., ಮ. ರಾಮಮೂರ್ತಿ ಅವರಂಥವರು ಆಗ ಡಬ್ಬಿಂಗ್ ವಿರುದ್ಧ ನಿಂತರು, ರಾಜ್‌ಕುಮಾರ್ ಕೂಡ ಜೊತೆಗಿದ್ದರು. ಕನ್ನಡದಲ್ಲಿ ಸಿನಿಮಾ ಮಾಡುವವರಿಗೆ, ನಟಿಸುವವರಿಗೆ ಕೆಲಸ ಉಳಿಯಬೇಕಿತ್ತು. ಅಂದಿನ ಮಟ್ಟಿಗೆ ಅದು ನ್ಯಾಯವಾದ ಹೋರಾಟ. ಕಾನೂನು ಯಾವುದೂ ಇರಲಿಲ್ಲ, ಚಿತ್ರರಂಗದ ಕಟ್ಟುಪಾಡೇ ಕಾನೂನಿನಂತೆ ನಡೆಯಿತು. ಆದರೆ ಕಾರ್ಟೂನಿನ ಮಾತೇ ಬೇರೆ. ಕನ್ನಡದಲ್ಲಿ ಟಿವಿಗೆ ಆಕ್ಷನ್ ಕಾರ್ಟೂನ್ ಮಾಡುವ ಉದ್ಯಮ ಬೆಳೆದೇ ಇರಲಿಲ್ಲ. ತೋಟವೇ ಇಲ್ಲದ ಕಡೆ ಬೇಲಿ ಹಾಕಿದ ಹಾಗಾಯಿತು. ಬೇಲಿಯ ಈಚೆ ನಮ್ಮ ಮಕ್ಕಳು ಹಿಂದಿಯಲ್ಲಿ ‘ಬಚಾವೋ’ ಎಂದು ಕೂಗುತ್ತ ಅಂಗಳದಲ್ಲಿ ಕುಸ್ತಿ ಆಡಿದರು.

2009ರಲ್ಲಿ ಚಿಂಟು ಟಿವಿ ಬಂದ ಮೇಲೆ ಪರಭಾಷೆಯ ಕಾರ್ಟೂನುಗಳು ಕನ್ನಡ ಮಾತಾಡಿದವು. ದೊಡ್ಡವರ ಕಾರ್ಯಕ್ರಮಗಳಿಗೆ ಬಾಗಿಲು ಆಗಲೂ ಮುಚ್ಚಿಯೇ ಇತ್ತು. 2012ರಲ್ಲಿ ಆಮಿರ್ ಖಾನರ ‘ಸತ್ಯಮೇವ ಜಯತೆ’ ಹಲವು ಭಾಷೆಗಳಲ್ಲಿ ಬಂದರೂ ಕನ್ನಡ ಡಬ್ಬಿಂಗ್‌ಗೆ ವಿರೋಧ ಎದುರಾಯಿತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಈ ತಡೆ ತಪ್ಪು ಎಂದಿತು. 2020ರ ಲಾಕ್‌ಡೌನಿನಲ್ಲಿ ಸ್ಟಾರ್ ಸುವರ್ಣದಲ್ಲಿ ಹಿಂದಿಯ ಇನ್ನೊಂದು ‘ಮಹಾಭಾರತ’ ಕನ್ನಡದಲ್ಲೇ ಬಂತು. ಚೋಪ್ರಾ ಅವರ ಕಾಲಪುರುಷ ಮಾತಾಡಿ ಆಗಲೇ ಮೂವತ್ತು ವರ್ಷ ದಾಟಿತ್ತು.

2025ರಲ್ಲಿ ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ಪದ್ಮಶ್ರೀ ಬಂತು. ಆಗ ಅವರಿಗೆ 96 ವರ್ಷ. ಬದುಕಿಡೀ ಪರದೆಯ ಹಿಂದೆ ಕೂತು ಗೊಂಬೆಗಳನ್ನು ಆಡಿಸಿದವರ ಮುಖವನ್ನು ದೇಶ ನೋಡಿತು. ಕಾರ್ಟೂನುಗಳಿಗೆ ಕನ್ನಡದ ದನಿ ಕೊಡುವವರಿಗೆ ಆ ಭಾಗ್ಯ ಇನ್ನೂ ಬಂದಿಲ್ಲ. ಇವತ್ತು ಮಗು ನಿಮ್ಮ ಫೋನಿನಲ್ಲಿ ಕನ್ನಡ ಕಾರ್ಟೂನ್ ನೋಡುತ್ತಿದ್ದರೆ, ಕೊನೆಯಲ್ಲಿ ಓಡುವ ಹೆಸರುಗಳಲ್ಲಿ ಅವರದ್ದನ್ನು ಹುಡುಕಿ. ಬಹಳ ಸಲ ಸಿಗುವುದಿಲ್ಲ.